ದೋಟಿ ಹಿಡಿದ ಹೆಗಲಿಗೆ ಗುಳಿಗೆಯೋ, ಎಣ್ಣೆ ಮಾಲೀಶೋ?

ತೋಟದಮನೆ, ಸಾಗರ

ಎಲ್ಲರಿಗೂ ನಮಸ್ಕಾರ. ನನಗೆ 54 ವರ್ಷ. ಸಾಗರದ ಕಡೆ ಎರಡೂವರೆ ಎಕರೆ ಅಡಿಕೆ ತೋಟವಿದೆ. ಮರ ಹತ್ತುವ ಕೊನೆಗಾರರು ಸಿಗುವುದು ದುರ್ಲಭವಾದ ಮೇಲೆ, ನಾಲ್ಕು ವರ್ಷಗಳಿಂದ ತುದಿಗೆ ಕತ್ತಿ ಕಟ್ಟಿದ ಉದ್ದನೆಯ ಕಾರ್ಬನ್ ಫೈಬರ್ ಕೋಲು, ಅಂದರೆ ದೋಟಿ, ಹಿಡಿದು ನಾನೇ ಕೊನೆ (ಅಡಿಕೆ ಗೊನೆ) ಇಳಿಸುತ್ತಿದ್ದೇನೆ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವುದೂ ಅದರಿಂದಲೇ. ಮರದಿಂದ ಬೀಳುವ ಭಯವನ್ನು ದೋಟಿ ಕಳೆಯಿತು, ನಿಜ. ಆದರೆ ಬೆಳಗಿನಿಂದ ಸಂಜೆಯವರೆಗೆ ಕತ್ತನ್ನು ಹಿಂದಕ್ಕೆ ಮಣಿಸಿ, ಐವತ್ತು ಅಡಿ ಮೇಲಿರುವ ಕತ್ತಿಯ ತುದಿಯನ್ನೇ ನೋಡುತ್ತ, ಎರಡೂ ತೋಳುಗಳನ್ನು ಎತ್ತಿ ನಿಲ್ಲುವ ಈ ಕೆಲಸವು ನನ್ನ ಕತ್ತಿನ ಬುಡದಿಂದ ಎಡ ರೆಟ್ಟೆಯವರೆಗಿನ ಮಾಂಸಖಂಡಗಳನ್ನು ಹಗ್ಗ ಹೊಸೆದಂತೆ ಬಿಗಿದುಬಿಟ್ಟಿದೆ.

ಮೂರು ಕೊಯ್ಲುಗಳನ್ನು ನಾನು ಗುಳಿಗೆಯ ಬಲದಿಂದಲೇ ಮುಗಿಸಿದೆ. ಪೇಟೆಯ ಅಂಗಡಿಯಲ್ಲಿ ಕೇಳಿ ತಂದ ಅಸಿಕ್ಲೋಫೆನಾಕ್ ಮತ್ತು ಪ್ಯಾರಾಸಿಟಮಾಲ್ ಸೇರಿದ ಗುಳಿಗೆಯನ್ನು ಬೆಳಿಗ್ಗೆ ಒಂದು, ರಾತ್ರಿ ಒಂದು ಎಂದು ಎರಡು ಮೂರು ತಿಂಗಳು ನುಂಗುತ್ತಿದ್ದೆ. ರಕ್ತದೊತ್ತಡಕ್ಕೆ ಬೇರೆ ಮಾತ್ರೆ ಇದೆ. ಕಳೆದ ಫೆಬ್ರವರಿಯಲ್ಲಿ ರಕ್ತಪರೀಕ್ಷೆ ಮಾಡಿಸಿದಾಗ ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ 1.7 ಬಂತು, ಹಿಂದಿನ ವರ್ಷ ಅದು 1.1 ಇತ್ತು. ವೈದ್ಯರು ನೋವಿನ ಗುಳಿಗೆಯನ್ನು ಅಂದೇ ನಿಲ್ಲಿಸಿದರು. ಅಂದಿನಿಂದ ವಾರಕ್ಕೆರಡು ದಿನ ನನ್ನ ಹೆಂಡತಿ ಎಳ್ಳೆಣ್ಣೆ ಬೆಚ್ಚಗೆ ಮಾಡಿ ಹಚ್ಚಿ ತಿಕ್ಕುತ್ತಾಳೆ, ಮೇಲೆ ಹಂಡೆಯ ಬಿಸಿನೀರಿನ ಸ್ನಾನ. ಏಪ್ರಿಲಿನಲ್ಲಿ ಒಂದು ಚಿಕಿತ್ಸಾಲಯದಲ್ಲಿ ಏಳು ದಿನ ಅಭ್ಯಂಗವನ್ನೂ ಮಾಡಿಸಿಕೊಂಡೆ. ಹಗುರಾಗುತ್ತದೆ ಎನ್ನುವುದರಲ್ಲಿ ಅನುಮಾನವಿಲ್ಲ, ಆದರೆ ಮೂರನೆಯ ದಿನಕ್ಕೆ ಬಿಗಿತ ಮರಳಿ ಬರುತ್ತದೆ. ನವೆಂಬರ್ ಸಮೀಪಿಸುತ್ತಿದೆ. ಈ ಕೊಯ್ಲನ್ನು ಗುಳಿಗೆಯಿಲ್ಲದೆ, ಮಾಲೀಶನ್ನು ನಂಬಿ ದಾಟಬಹುದೇ ಅಥವಾ ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದೇನೆಯೇ ಎಂಬುದನ್ನು ಬಲ್ಲವರು ತಿಳಿಸಬೇಕು.

ಗುಳಿಗೆ ಅಂಗಡಿ, ತುಮಕೂರು

ತೋಟದಮನೆಯವರೇ, 22 ವರ್ಷಗಳಿಂದ ಔಷಧ ಅಂಗಡಿ ನಡೆಸುತ್ತಿರುವವನಾಗಿ ಮೊದಲು ನನ್ನ ಕಸುಬಿನ ತಪ್ಪನ್ನೇ ಒಪ್ಪಿಕೊಳ್ಳುತ್ತೇನೆ. ಅಸಿಕ್ಲೋಫೆನಾಕ್, ಡೈಕ್ಲೋಫೆನಾಕ್ ಮುಂತಾದವು ವೈದ್ಯರ ಚೀಟಿಯಿಲ್ಲದೆ ಕೊಡಬಾರದ ಔಷಧಗಳು. ಗುಳಿಗೆ ಪಟ್ಟಿಯ ಮೇಲಿನ ಕೆಂಪು ಗೆರೆ ಇರುವುದು ಅದಕ್ಕಾಗಿಯೇ. ಆದರೆ ಸಂಜೆ ಏಳರ ಹೊತ್ತಿಗೆ ಸೊಂಟ ಹಿಡಿದುಕೊಂಡು ಬಂದು ನಿಂತವರಿಗೆ ಚೀಟಿ ತನ್ನಿ ಎಂದರೆ ಅವರು ಎದುರಿನ ಅಂಗಡಿಗೆ ಹೋಗುತ್ತಾರೆ.

ನಿಮ್ಮ ಮೂತ್ರಪಿಂಡಕ್ಕೆ ಏನಾಯಿತು ಎಂಬುದನ್ನು ನಾನು ಬಲ್ಲಷ್ಟು ಹೇಳುತ್ತೇನೆ. ಈ ಗುಂಪಿನ ಗುಳಿಗೆಗಳು ದೇಹದಲ್ಲಿ ಪ್ರೋಸ್ಟಗ್ಲಾಂಡಿನ್ ಎಂಬ ವಸ್ತುಗಳ ತಯಾರಿಕೆಯನ್ನು ತಡೆಯುತ್ತವೆ. ಊತಕ್ಕೂ ನೋವಿಗೂ ಕಾರಣವಾಗುವ ಅದೇ ವಸ್ತುಗಳು ಹೊಟ್ಟೆಯ ಒಳಪೊರೆಯನ್ನು ಆಮ್ಲದಿಂದ ಕಾಯುತ್ತವೆ, ಮೂತ್ರಪಿಂಡಕ್ಕೆ ಹೋಗುವ ರಕ್ತನಾಳಗಳನ್ನು ತೆರೆದಿಡುತ್ತವೆ. ಆದ್ದರಿಂದ ನೋವಿನ ಬಾಯಿ ಮುಚ್ಚಿಸಿದಾಗ ಈ ಎರಡು ಕಾವಲುಗಳೂ ಸಡಿಲವಾಗುತ್ತವೆ. ನಿಮ್ಮ ರಕ್ತದೊತ್ತಡದ ಮಾತ್ರೆಯಲ್ಲಿ ಟೆಲ್ಮಿಸಾರ್ಟನ್ ಜೊತೆಗೆ ಮೂತ್ರ ಹೆಚ್ಚಿಸುವ ಔಷಧವೂ ಸೇರಿದೆಯೇ ಎಂದು ದಯವಿಟ್ಟು ನೋಡಿ. ಆ ಎರಡರ ಮೇಲೆ ನೋವಿನ ಗುಳಿಗೆ ಮೂರನೆಯದಾಗಿ ಬಿದ್ದರೆ, ಅದೂ ಬಿಸಿಲಲ್ಲಿ ಬೆವರಿ ನೀರು ಕಡಿಮೆ ಕುಡಿದ ಮೈಯಲ್ಲಿ, ಮೂತ್ರಪಿಂಡ ಮೂರೂ ಕಡೆಯಿಂದ ಪೆಟ್ಟು ತಿನ್ನುತ್ತದೆ.

ವಿಷಯಾಂತರವೆನಿಸಿದರೂ ಒಂದು ಮಾತು. ನಮ್ಮ ಆಕಾಶದ ರಣಹದ್ದುಗಳು ಬಹುಪಾಲು ಕಣ್ಮರೆಯಾದದ್ದು ಡೈಕ್ಲೋಫೆನಾಕ್‌ನಿಂದ. ದನಗಳಿಗೆ ನೋವಿಗೆಂದು ಚುಚ್ಚಿದ ಔಷಧ ಸತ್ತ ದನದ ಮಾಂಸದ ಮೂಲಕ ಹದ್ದುಗಳ ಹೊಟ್ಟೆ ಸೇರಿ ಅವುಗಳ ಮೂತ್ರಪಿಂಡಗಳನ್ನೇ ಕೆಡಿಸಿತು. ಸರ್ಕಾರ 2006ರಲ್ಲಿ ಪಶುಗಳಿಗೆ ಅದರ ಬಳಕೆಯನ್ನು ನಿಷೇಧಿಸಿತು; ರಾಮನಗರದ ರಾಮದೇವರ ಬೆಟ್ಟವನ್ನು ರಣಹದ್ದುಗಳ ಧಾಮವೆಂದು ಘೋಷಿಸಿದ್ದು 2012ರಲ್ಲಿ. ಮನುಷ್ಯನ ಮೂತ್ರಪಿಂಡ ಹದ್ದಿನದಕ್ಕಿಂತ ಎಷ್ಟೋ ಗಟ್ಟಿ, ಹೋಲಿಕೆ ನೇರವಲ್ಲ. ಆದರೂ ಆ ಪಟ್ಟಿಯನ್ನು ಕಪಾಟಿನಿಂದ ತೆಗೆಯುವಾಗಲೆಲ್ಲ ನನಗೆ ಆ ಬೆಟ್ಟ ನೆನಪಾಗುತ್ತದೆ.

ಸಂಶಯಾತ್ಮ, ಬೆಂಗಳೂರು

ಗುಳಿಗೆ ಕೆಟ್ಟದ್ದು ಎಂದು ಸಾಬೀತಾದ ಮಾತ್ರಕ್ಕೆ ಮಾಲೀಶು ಒಳ್ಳೆಯದು ಎಂದು ಸಾಬೀತಾಗುವುದಿಲ್ಲ. ಔಷಧಕ್ಕೆ ಯಾವ ಪುರಾವೆಯನ್ನು ಕೇಳುತ್ತೇವೆಯೋ ಅದನ್ನೇ ಎಣ್ಣೆಗೂ ಕೇಳಬೇಕು. ಗುಳಿಗೆಯ ಪ್ರಯೋಗದಲ್ಲಿ ಸತ್ವವಿಲ್ಲದ ಗುಳಿಗೆಯನ್ನು ಕೊಟ್ಟು ಹೋಲಿಸಬಹುದು. ಮೈ ತಿಕ್ಕಿಸಿಕೊಂಡವನಿಗೆ ತಾನು ತಿಕ್ಕಿಸಿಕೊಳ್ಳಲೇ ಇಲ್ಲ ಎಂದು ನಂಬಿಸುವುದು ಹೇಗೆ? ಈ ಕ್ಷೇತ್ರದ ಅಧ್ಯಯನಗಳೆಲ್ಲ ಮುಗ್ಗರಿಸುವುದು ಇಲ್ಲಿಯೇ.

ಇರುವುದರಲ್ಲಿ ಗಟ್ಟಿಯಾದ ಒಂದು ಪ್ರಯೋಗ 2011ರಲ್ಲಿ ಅಮೆರಿಕದ ಸಿಯಾಟಲ್‌ನಿಂದ ಪ್ರಕಟವಾಯಿತು. ಹಳೆಯ ಸೊಂಟನೋವಿನ 401 ಜನರಲ್ಲಿ ಒಂದು ಗುಂಪಿಗೆ ಹಾಯೆನಿಸುವ ಸಾಮಾನ್ಯ ಮಾಲೀಶು, ಇನ್ನೊಂದಕ್ಕೆ ನೋವಿನ ಜಾಗವನ್ನು ಗುರುತಿಸಿ ಒತ್ತುವ ವಿಶೇಷ ಮಾಲೀಶು, ಮೂರನೆಯದಕ್ಕೆ ಎಂದಿನ ಚಿಕಿತ್ಸೆ. ವಾರಕ್ಕೊಂದರಂತೆ ಹತ್ತು ವಾರ ಮುಗಿದಾಗ, ಮಾಲೀಶು ಪಡೆದವರಲ್ಲಿ ಮೂರರಲ್ಲಿ ಒಬ್ಬರಿಗಿಂತ ಹೆಚ್ಚು ಜನ ನೋವು ಬಹಳ ಕಡಿಮೆಯಾಗಿದೆ ಅಥವಾ ಹೋಗಿದೆ ಎಂದರು. ಎಂದಿನ ಚಿಕಿತ್ಸೆಯವರಲ್ಲಿ ಹಾಗೆಂದವರು ನೂರಕ್ಕೆ ನಾಲ್ಕು. ವಿನೋದವೆಂದರೆ ಎರಡು ಬಗೆಯ ಮಾಲೀಶುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸವೇ ಕಾಣಲಿಲ್ಲ. ಹಾಗಾದರೆ ‘ನರದ ಮೇಲೆ ನರ ಬಿದ್ದಿದೆ, ನಾನು ಬಿಡಿಸುತ್ತೇನೆ’ ಎನ್ನುವವರ ವಿದ್ಯೆಗೆ ಏನು ಬೆಲೆ? ವರ್ಷ ತುಂಬುವಷ್ಟರಲ್ಲಿ ಪರಿಣಾಮ ಬಹುಮಟ್ಟಿಗೆ ಕರಗಿಹೋಗಿತ್ತು. ಇಂಥ ಪ್ರಯೋಗಗಳನ್ನೆಲ್ಲ ಒಟ್ಟು ಹಾಕಿ ತೂಗುವ ಕಾಕ್ರೇನ್ ಎಂಬ ಸಂಸ್ಥೆಯ 2015ರ ವಿಮರ್ಶೆಯೂ ಅಲ್ಪಕಾಲದ ಉಪಶಮನವನ್ನು ಒಪ್ಪಿಕೊಂಡು, ಆ ಪುರಾವೆಯ ಮೇಲೆ ತನಗೆ ಹೆಚ್ಚಿನ ವಿಶ್ವಾಸವಿಲ್ಲ ಎಂದು ಬರೆಯಿತು.

ಇನ್ನೊಂದು ಪಕ್ಕವನ್ನೂ ಹೇಳದಿದ್ದರೆ ಅನ್ಯಾಯವಾದೀತು. ಹೊಸದಾಗಿ ಸೊಂಟ ಹಿಡಿದ 1,652 ಜನರ ಮೇಲೆ ಆಸ್ಟ್ರೇಲಿಯದಲ್ಲಿ ನಡೆದು 2014ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಪ್ಯಾರಾಸಿಟಮಾಲ್ ನುಂಗಿದವರೂ ಸತ್ವವಿಲ್ಲದ ಗುಳಿಗೆ ನುಂಗಿದವರೂ ಸರಿಸುಮಾರು 17 ದಿನಗಳಲ್ಲೇ ಚೇತರಿಸಿಕೊಂಡರು. ಅಂದರೆ ನಾವು ಗುಳಿಗೆಗೋ ಎಣ್ಣೆಗೋ ಕೊಡುವ ಕೀರ್ತಿಯ ದೊಡ್ಡ ಪಾಲು ನಿಜವಾಗಿ ದಿನಗಳಿಗೆ ಸಲ್ಲಬೇಕು.

ಕೆಮ್ಮಣ್ಣು, ಮೈಸೂರು

ಸಂಶಯಾತ್ಮರೇ, ತಮ್ಮ ಅಂಕಿಗಳಿಗೆ ನನ್ನ ತಕರಾರಿಲ್ಲ. ಆದರೆ ಗರಡಿ ಮನೆಯಲ್ಲಿ ಬೆಳೆದವನಾಗಿ, ಮಾಲೀಶೆಂದರೆ ಬರೀ ಹಾಯೆನಿಸುವುದಲ್ಲ ಎಂದು ಹೇಳಬೇಕಾಗಿದೆ. ನಮ್ಮ ವಸ್ತಾದರು ಸಾಮು ಮುಗಿದ ಮೇಲೆ ಹುಡುಗರು ಒಬ್ಬರ ಮೈ ಒಬ್ಬರು ತಿಕ್ಕುವಂತೆ ಮಾಡುತ್ತಿದ್ದರು. ತೊಡೆ, ಮೀನಖಂಡ, ಬೆನ್ನು, ಹೆಗಲು, ಹೀಗೆ ದೊಡ್ಡ ಖಂಡಗಳಿಗೆ ಅಂಗೈಯಿಂದ ಎದೆಯ ಕಡೆಗೆ ಎಳೆಯುವ ತಿಕ್ಕು. ಬೆನ್ನೆಲುಬಿನ ಮೇಲೆ, ಮೊಣಕಾಲ ಹಿಂದಿನ ಗುಣಿಯ ಮೇಲೆ, ಕತ್ತಿನ ಮುಂಭಾಗದಲ್ಲಿ ಯಾರಾದರೂ ಬೆರಳೂರಿದರೆ ಅವರ ಕೈಗೆ ಪೆಟ್ಟು ಬೀಳುತ್ತಿತ್ತು.

ಅವರ ಎರಡು ನಿಯಮಗಳು ನನಗಿನ್ನೂ ನೆನಪಿವೆ. ಉಳುಕಿ ಊದಿಕೊಂಡ ಕೀಲನ್ನು ಮೂರು ದಿನ ಮುಟ್ಟಬಾರದು, ತಣ್ಣೀರಿನ ಬಟ್ಟೆ ಸುತ್ತಿ ಎತ್ತರಕ್ಕೆ ಇಟ್ಟಿರಬೇಕು. ಎರಡನೆಯದು, ತಿಕ್ಕಿಸಿಕೊಳ್ಳುವವನು ಉಸಿರು ಬಿಗಿಹಿಡಿದನೆಂದರೆ ತಿಕ್ಕುವವನು ಕೈ ಸಡಿಲಿಸಬೇಕು. ನೋವಾದಷ್ಟೂ ಗುಣ ಎಂದು ಹಲ್ಲು ಕಚ್ಚಿ ಒತ್ತಿಸಿಕೊಳ್ಳುವವರನ್ನು ನಾನು ಪೇಟೆಯಲ್ಲಿ ನೋಡಿದ್ದೇನೆಯೇ ಹೊರತು ಗರಡಿಯಲ್ಲಲ್ಲ.

ಚೇತರಿಕೆ, ಹುಬ್ಬಳ್ಳಿ

ನಾನು ಫಿಸಿಯೋಥೆರಪಿಸ್ಟ್. ಉತ್ತರಿಸುವ ಮೊದಲು ಒಂದು ಪ್ರಶ್ನೆ ಕೇಳದೆ ಮುಂದೆ ಹೋಗಲಾರೆ. ತೋಟದಮನೆಯವರೇ, ತಾವು ಎಡ ರೆಟ್ಟೆ ಎಂದಿದ್ದೀರಿ, ವಯಸ್ಸು 54, ರಕ್ತದೊತ್ತಡವಿದೆ. ಹೃದಯದ ಪರೀಕ್ಷೆಯಾದ ಇಸಿಜಿ ಮಾಡಿಸಿದ್ದೀರಾ? ತೋಳೆತ್ತಿದಾಗ, ಕತ್ತು ತಿರುಗಿಸಿದಾಗ, ಒತ್ತಿದಾಗ ಹೆಚ್ಚಾಗುವ ನೋವು ಸಾಮಾನ್ಯವಾಗಿ ಮಾಂಸಖಂಡದ್ದು. ಗುಡ್ಡ ಹತ್ತಿದಾಗ ಬಂದು ನಿಂತಾಗ ಹೋಗುವ, ಬೆವರು ಅಥವಾ ಉಬ್ಬಸದ ಜೊತೆ ಬರುವ ನೋವನ್ನು ತಿಕ್ಕುತ್ತ ಕೂರಬಾರದು. ಬೆರಳುಗಳಲ್ಲಿ ಜೋಮು, ಹಿಡಿತದಲ್ಲಿ ಬಲಹೀನತೆ ಇದ್ದರೂ ಮೊದಲು ಪರೀಕ್ಷೆ, ಆಮೇಲೆ ಎಣ್ಣೆ.

ಇನ್ನು ಮೂರನೆಯ ದಿನಕ್ಕೆ ಬಿಗಿತ ಏಕೆ ಮರಳುತ್ತದೆ ಎಂಬ ವಿಷಯ. ಮಾಲೀಶು ಮಾಂಸಖಂಡದ ಗಂಟನ್ನು ಹಿಟ್ಟಿನ ಉಂಡೆಯಂತೆ ಒಡೆಯುತ್ತದೆ ಎಂಬುದು ಜನಪ್ರಿಯ ಕಲ್ಪನೆ. ಮೈಯಲ್ಲಿ ಸೇರಿದ ಲ್ಯಾಕ್ಟಿಕ್ ಆಮ್ಲವನ್ನು ಹಿಂಡಿ ತೆಗೆಯುತ್ತದೆ ಎಂಬುದು ಇನ್ನೊಂದು. ದುಡಿಮೆ ನಿಂತ ಒಂದು ತಾಸಿನ ಆಸುಪಾಸಿನಲ್ಲಿ ಆ ಆಮ್ಲದ ಮಟ್ಟ ತಾನಾಗಿಯೇ ಇಳಿದಿರುತ್ತದೆ. ಮರುದಿನದಿಂದ ಮೂರನೆಯ ದಿನದವರೆಗೆ ಕಾಡುವ ಮೈಕೈ ನೋವಿಗೆ ಅದು ಕಾರಣವೇ ಅಲ್ಲ. ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದವರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 11 ಯುವಕರನ್ನು ದಣಿಯುವಷ್ಟು ಸೈಕಲ್ ತುಳಿಸಿ, ಒಂದೇ ಕಾಲಿಗೆ ಹತ್ತು ನಿಮಿಷ ಮಾಲೀಶು ಮಾಡಿ, ಎರಡೂ ತೊಡೆಗಳ ಖಂಡದಿಂದ ಸಣ್ಣ ತುಣುಕು ತೆಗೆದು ನೋಡಿದರು. ತಿಕ್ಕಿದ ಕಾಲಿನಲ್ಲಿ ಉರಿಯೂತದ ಸಂಕೇತಗಳು ಕಡಿಮೆಯಿದ್ದವು, ಲ್ಯಾಕ್ಟಿಕ್ ಆಮ್ಲದಲ್ಲಿ ಮಾತ್ರ ವ್ಯತ್ಯಾಸವಿರಲಿಲ್ಲ. ಹನ್ನೊಂದೇ ಜನ ಎಂದು ಸಂಶಯಾತ್ಮರು ಹೇಳುವುದಕ್ಕೆ ಮುಂಚೆ ನಾನೇ ಹೇಳಿಬಿಡುತ್ತೇನೆ.

ತಕ್ಷಣದ ಹಗುರಕ್ಕೆ ಹೆಚ್ಚಿನ ಕಾರಣ ನರವ್ಯೂಹದಲ್ಲಿದೆ. ಸ್ಪರ್ಶ ಮತ್ತು ಒತ್ತಡದ ಸಂದೇಶಗಳು ಬೆನ್ನುಹುರಿಯ ಹೊಸ್ತಿಲಲ್ಲಿ ನೋವಿನ ಸಂದೇಶಕ್ಕೆ ಅಡ್ಡ ನಿಲ್ಲುತ್ತವೆ ಎಂಬ ವಾದವನ್ನು ಮೆಲ್ಜಾಕ್ ಮತ್ತು ವಾಲ್ ಎಂಬ ವಿಜ್ಞಾನಿಗಳು 1965ರಲ್ಲಿ ಮಂಡಿಸಿದರು. ಎಡವಿದ ಕೂಡಲೇ ಕಾಲ್ಬೆರಳನ್ನು ನಾವು ಉಜ್ಜಿಕೊಳ್ಳುವುದು ಇದನ್ನೇ ಅರಿಯದೆ ಮಾಡುವುದು. ಹೊಸ್ತಿಲಿನ ಕಾವಲು ಕೆಲವು ತಾಸುಗಳದ್ದೋ ದಿನಗಳದ್ದೋ. ಮರುದಿನ ತಾವು ಅದೇ ದೋಟಿಯನ್ನು ಅದೇ ಭಂಗಿಯಲ್ಲಿ ಹಿಡಿದರೆ ಖಂಡ ಮತ್ತೆ ಬಿಗಿಯುವುದು ಸಹಜ. ಹಾಗಾಗಿ ಮಾಲೀಶು ತಂದುಕೊಡುವ ಎರಡು ದಿನಗಳ ಸಡಿಲಿಕೆಯನ್ನು ತಾವು ಯಾವುದಕ್ಕೆ ಬಳಸುತ್ತೀರಿ ಎಂಬುದೇ ಮುಖ್ಯ. ಬ್ರಿಟನ್ನಿನ ನೈಸ್ ಸಂಸ್ಥೆಯ 2016ರ ಮಾರ್ಗಸೂಚಿ ಸೊಂಟನೋವಿಗೆ ಮಾಲೀಶನ್ನು ಒಪ್ಪುವುದು ವ್ಯಾಯಾಮದ ಜೊತೆಗಾದರೆ ಮಾತ್ರ. ಅಮೆರಿಕದ ವೈದ್ಯರ ಸಂಘಟನೆಯಾದ ಅಮೆರಿಕನ್ ಕಾಲೇಜ್ ಆಫ್ ಫಿಜಿಷಿಯನ್ಸ್ 2017ರಲ್ಲಿ, ಹೊಸ ಸೊಂಟನೋವಿಗೆ ಔಷಧಕ್ಕಿಂತ ಮೊದಲು ಶಾಖ, ಮಾಲೀಶು ಮುಂತಾದವನ್ನು ಪ್ರಯತ್ನಿಸಿ ಎಂದಿತು. ಎರಡೂ ಸೊಂಟದ ಕುರಿತಾದವು, ಹೆಗಲಿನದಲ್ಲ, ಎಂಬುದನ್ನು ಮರೆಯಬಾರದು.

ತಮಗೆ ನನ್ನ ಸಲಹೆ ಇಷ್ಟು: ಕೊಯ್ಲಿಗೆ ಆರು ವಾರ ಮುಂಚಿನಿಂದಲೇ ಹೆಗಲನ್ನು ಬಲಪಡಿಸಿ. ಗೋಡೆಗೆ ಅಂಗೈ ಊರಿ ತಳ್ಳುವುದು, ಎರಡು ಲೀಟರ್ ನೀರಿನ ಬಾಟಲಿಯನ್ನು ಹಂತಹಂತವಾಗಿ ತಲೆಯ ಮೇಲೆತ್ತುವುದು, ಗದ್ದವನ್ನು ಒಳಗೆಳೆದು ಹತ್ತು ಎಣಿಸುವುದು. ಕೊಯ್ಲಿನಲ್ಲಿ ಇಪ್ಪತ್ತು ನಿಮಿಷಕ್ಕೊಮ್ಮೆ ದೋಟಿಯನ್ನು ಇನ್ನೊಬ್ಬರ ಕೈಗೆ ಕೊಟ್ಟು ತಾವು ಕೊನೆ ಹೊರಿ. ಅದು ಕತ್ತಿಗೆ ವಿಶ್ರಾಂತಿಯೇ.

ಎರಡನೇ ಪಾಳಿ, ಪೀಣ್ಯ

ಮಾಲೀಶಿಗೆ ಅಡ್ಡಪರಿಣಾಮವೇ ಇಲ್ಲ ಎಂದು ನಂಬಿದ್ದವನ ಅನುಭವವನ್ನೂ ದಯವಿಟ್ಟು ಓದಿ. ಮೂರು ವರ್ಷಗಳ ಹಿಂದೆ ಕಾಲಿನ ಮೂಳೆ ಮುರಿದು ಕೆಲವು ವಾರ ಪ್ಲಾಸ್ಟರಿನಲ್ಲಿದ್ದು, ಅದನ್ನು ಬಿಚ್ಚಿಸಿಕೊಂಡು ರಾತ್ರಿ ಬಸ್ಸಿನಲ್ಲಿ ಹನ್ನೆರಡು ತಾಸು ಕುಳಿತು ಊರಿಗೆ ಹೋದೆ. ಮರುದಿನ ಅದೇ ಕಾಲಿನ ಮೀನಖಂಡ ಕಲ್ಲಿನಂತಾಗಿ ಬಿಸಿಯಾಗಿತ್ತು, ಇನ್ನೊಂದಕ್ಕಿಂತ ದಪ್ಪ ಕಾಣುತ್ತಿತ್ತು. ಸೆಟೆದುಕೊಂಡಿದೆ ಎಂದು ಊರಿನಲ್ಲಿ ಉಳುಕು ತೆಗೆಯುವವರೊಬ್ಬರ ಹತ್ತಿರ ಎರಡು ದಿನ ತಿಕ್ಕಿಸಿದೆ. ಮೂರನೆಯ ದಿನ ಎದೆಯಲ್ಲಿ ಚಳಕು, ಏದುಸಿರು. ಅದು ಮಾಂಸಖಂಡದ ನೋವಾಗಿರಲಿಲ್ಲ, ಕಾಲಿನ ಒಳ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತವಾಗಿತ್ತು; ಅದರ ಚೂರು ಶ್ವಾಸಕೋಶಕ್ಕೆ ಹೋಗಿತ್ತು. ತಿಕ್ಕಿದ್ದರಿಂದಲೇ ಹೋಯಿತೆಂದು ವೈದ್ಯರು ಖಚಿತವಾಗಿ ಹೇಳಲಿಲ್ಲ, ಆದರೆ ಹಾಗೆ ಆಗಬಹುದಾದ್ದರಿಂದಲೇ ಅಂಥ ಕಾಲನ್ನು ಮುಟ್ಟಬಾರದು ಎಂದರು. ಆ ತಿಕ್ಕಿದವರ ಮೇಲೆ ನನಗೆ ಸಿಟ್ಟಿಲ್ಲ. ಪ್ಲಾಸ್ಟರಿನ ಸಂಗತಿಯನ್ನು ನಾನೂ ಹೇಳಲಿಲ್ಲ, ಅವರೂ ಕೇಳಲಿಲ್ಲ.

ತೈಲದೋಣಿ, ಉಡುಪಿ

ಆಯುರ್ವೇದ ವೈದ್ಯೆಯಾಗಿ ಈ ಹಿಂದಿನ ಅನುಭವಕ್ಕೆ ಒಂದು ಮಾತು ಜೋಡಿಸುತ್ತೇನೆ. ಅಭ್ಯಂಗವನ್ನು ನಿತ್ಯವೂ ಮಾಡಬೇಕು, ಅದು ಮುಪ್ಪನ್ನೂ ಶ್ರಮವನ್ನೂ ವಾತವನ್ನೂ ಕಳೆಯುತ್ತದೆ ಎಂಬ, ವಾಗ್ಭಟನ ಆಯುರ್ವೇದ ಗ್ರಂಥ ಅಷ್ಟಾಂಗಹೃದಯದ ಮಾತನ್ನು ಎಲ್ಲರೂ ಉದ್ಧರಿಸುತ್ತಾರೆ. ಅದೇ ಅಧ್ಯಾಯದಲ್ಲಿ, ಕಫ ಹೆಚ್ಚಿದವರಿಗೆ, ಆಗಷ್ಟೇ ಶೋಧನ (ವಾಂತಿ, ಭೇದಿ ಮುಂತಾದವುಗಳಿಂದ ದೇಹಶುದ್ಧಿ) ಮಾಡಿಸಿಕೊಂಡವರಿಗೆ, ಅಜೀರ್ಣವಾದವರಿಗೆ ಅಭ್ಯಂಗ ಕೂಡದು ಎಂದು ವಾಗ್ಭಟ ಬರೆದಿರುವುದನ್ನು ಯಾರೂ ನೆನಪಿಸಿಕೊಳ್ಳುವುದಿಲ್ಲ. ಯಾರಿಗೆ ಮಾಡಬಾರದು ಎಂಬ ವಿವೇಚನೆ ಈ ವಿದ್ಯೆಯ ಹುಟ್ಟಿನಿಂದಲೇ ಇದೆ. ಜ್ವರವಿದ್ದಾಗ, ಚರ್ಮದಲ್ಲಿ ಗಾಯ ಅಥವಾ ಸೋಂಕಿದ್ದಾಗ, ಮೂಳೆ ಮುರಿದ ಶಂಕೆಯಿದ್ದಾಗ ನಾನು ಎಣ್ಣೆ ಮುಟ್ಟುವುದಿಲ್ಲ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ಗಟ್ಟಿಯಾಗಿ ಒತ್ತುವುದಿಲ್ಲ.

ತೋಟದಮನೆಯವರಿಗೆ ಎಳ್ಳೆಣ್ಣೆ ಸಾಕು. ದುಬಾರಿ ತೈಲ ಬೇಕೇ ಬೇಕೆಂದಿಲ್ಲ. ತಿಕ್ಕಿದ ಮೇಲೆ ಲಕ್ಕಿ ಸೊಪ್ಪನ್ನು ಹುರಿದು ಬಟ್ಟೆಯಲ್ಲಿ ಗಂಟು ಕಟ್ಟಿ ಶಾಖ ಕೊಟ್ಟರೆ ಹೆಗಲಿಗೆ ಹಿತವಾಗುತ್ತದೆ. ನಿಮ್ಮ ತೋಟದ ಬೇಲಿಯಲ್ಲೇ ಅದು ಇರಬಹುದು. ಆದರೆ ಗುಳಿಗೆ ಬಿಟ್ಟೆನೆಂದು ಹೆಸರಿಲ್ಲದ, ಸಂಯೋಜನೆ ಬರೆಯದ ಪುಡಿಯ ಪೊಟ್ಟಣಗಳಿಗೆ ಮಾತ್ರ ಕೈ ಹಾಕಬೇಡಿ. ಅಂಥವುಗಳಲ್ಲಿ ಸ್ಟೀರಾಯ್ಡ್ ಬೆರೆಸಿದ್ದು ಪತ್ತೆಯಾಗಿರುವುದುಂಟು. ಮೊದಲೇ ಪೆಟ್ಟು ತಿಂದಿರುವ ಮೂತ್ರಪಿಂಡಕ್ಕೆ ನಮ್ಮ ಪದ್ಧತಿಯ ಭಸ್ಮಗಳನ್ನು ಕೂಡ ವೈದ್ಯರ ಕಣ್ಣೆದುರಲ್ಲದೆ ಕೊಡಬಾರದು.

ಕೊಲ್ಲಿಯ ಕನ್ನಡಿಗ, ಮಸ್ಕತ್

ಎಲ್ಲವೂ ಸರಿ. ನಾನು ಉಗ್ರಾಣದಲ್ಲಿ ದಿನಕ್ಕೆ ಹತ್ತು ತಾಸು ಪೆಟ್ಟಿಗೆ ಎತ್ತುತ್ತೇನೆ, ಆರು ಜನರಿರುವ ಕೋಣೆಯಲ್ಲಿ ಮಲಗುತ್ತೇನೆ. ಇಲ್ಲಿ ಒಂದು ತಾಸಿನ ಮಾಲೀಶಿಗೆ ಕೊಡುವ ಹಣದಲ್ಲಿ ತಿಂಗಳುಗಟ್ಟಲೆ ನುಂಗುವಷ್ಟು ಗುಳಿಗೆ ಬರುತ್ತದೆ. ಗುಳಿಗೆ ನುಂಗಲು ಅರ್ಧ ನಿಮಿಷ ಸಾಕು, ಇನ್ನೊಬ್ಬರ ಕೈ ಬೇಡ. ಮಾಲೀಶನ್ನು ಆರಿಸಿಕೊಳ್ಳುವುದಕ್ಕೆ ಮೊದಲು ಆರಿಸಿಕೊಳ್ಳುವಷ್ಟು ಬಿಡುವು ಮನುಷ್ಯನಿಗೆ ಇರಬೇಕಾಗುತ್ತದೆ.

ಹೊಳೆಯಾಚೆ, ಹೊನ್ನಾವರ

ಈ ಚರ್ಚೆಯನ್ನು ಮೊದಲಿನಿಂದ ಓದುತ್ತ ಬಂದ ನನಗೆ, ಯಾರೂ ಕೇಳದ ಒಂದು ಪ್ರಶ್ನೆಯನ್ನು ಕೇಳಬೇಕೆನಿಸಿತು. ತಿಕ್ಕುವವರ ಕೈ ಹೇಗಿದೆ?

ನನ್ನ ತಾಯಿ ಬಾಣಂತನ ಮಾಡುವವರು. ಮೂವತ್ತೈದು ವರ್ಷಗಳ ಕಾಲ ಮನೆಮನೆಗೆ ಹೋಗಿ ಬಾಣಂತಿಗೂ ಮಗುವಿಗೂ ಎಣ್ಣೆ ತಿಕ್ಕಿ, ಹಂಡೆ ಹಂಡೆ ಬಿಸಿನೀರು ಎರೆದಿದ್ದಾರೆ. ಅವರ ಕೈಗುಣವನ್ನು ಹೊಗಳದವರು ನಮ್ಮ ಸುತ್ತಮುತ್ತ ಇಲ್ಲ. ಇಂದು ಅವರ ಎರಡೂ ಹೆಬ್ಬೆರಳುಗಳ ಬುಡದ ಕೀಲು ಸವೆದು ಹೊರಚಾಚಿದೆ, ಡಬ್ಬಿಯ ಮುಚ್ಚಳ ತಿರುಗಿಸಲಾಗುವುದಿಲ್ಲ. ನಿಮ್ಮಂಥ ನೂರಾರು ಜನ ಗುಳಿಗೆಯಿಲ್ಲದೆ ನೋವು ಕಳೆದುಕೊಂಡದ್ದು ಅವರ ಕೈಯಿಂದ. ಅವರು ಮಾತ್ರ ಪ್ರತಿ ರಾತ್ರಿ ಡೈಕ್ಲೋಫೆನಾಕ್ ನುಂಗಿ ಮಲಗುತ್ತಾರೆ.

ತೋಟದಮನೆಯವರೇ, ಕೊಯ್ಲಿನ ದಿನಗಳಲ್ಲಿ ತಮ್ಮ ಮನೆಯಲ್ಲಿ ರಾತ್ರಿ ಹನ್ನೊಂದರವರೆಗೆ ಮೆಟ್ಟುಗತ್ತಿಯ ಮುಂದೆ ಕುಳಿತು ಅಡಿಕೆ ಸುಲಿಯುವವರಲ್ಲಿ ತಮ್ಮ ಶ್ರೀಮತಿಯವರೂ ಒಬ್ಬರಲ್ಲವೇ? ಅದಾದ ಮೇಲೆ ತಮ್ಮ ಹೆಗಲನ್ನು ತಿಕ್ಕುವವರೂ ಅವರೇ. ಅವರು ತಮ್ಮ ಕೈನೋವಿಗೆ ಏನು ಮಾಡುತ್ತಾರೆ ಎಂದು ಒಮ್ಮೆ ಕೇಳಿ ನೋಡಬೇಕೆಂದು ನನ್ನ ವಿನಂತಿ.

ತೋಟದಮನೆ, ಸಾಗರ

ಎಲ್ಲರ ಉತ್ತರಗಳನ್ನೂ ಎರಡು ಸಲ ಓದಿದೆ. ಇಸಿಜಿ ಮಾಡಿಸಿದೆ, ದೋಷವೇನೂ ಕಾಣಲಿಲ್ಲ, ಬೆರಳಲ್ಲಿ ಜೋಮಿಲ್ಲ. ತುಮಕೂರಿನವರು ಹೇಳಿದ ಹಾಗೆ ನನ್ನ ರಕ್ತದೊತ್ತಡದ ಮಾತ್ರೆಯಲ್ಲಿ ಎರಡೂ ಔಷಧಗಳು ಇದ್ದವು. ನಾನು ಅದನ್ನು ಮೂರು ವರ್ಷ ನುಂಗಿದ್ದೇನೆ, ಹೆಸರನ್ನು ಓದಿದ್ದು ಮೊನ್ನೆ.

ಹೊನ್ನಾವರದ ಸಹೋದರಿಯ ಪತ್ರವನ್ನು ಅಡುಗೆಮನೆಯಲ್ಲಿ ಓದಿ ಹೇಳಿದೆ. ನನ್ನ ಹೆಂಡತಿ ಮಾತಾಡದೆ ಬೇಳೆಯ ಡಬ್ಬಿಯ ಹಿಂದಿನಿಂದ ಅರ್ಧ ಖಾಲಿಯಾದ ಒಂದು ಪಟ್ಟಿ ತೆಗೆದು ತೋರಿಸಿದಳು. ನನಗೆ ಬೇಡವೆಂದು ವೈದ್ಯರು ಹೇಳಿದ ಮೇಲೆ ಮನೆಯಲ್ಲಿ ಉಳಿದಿದ್ದ ಅದೇ ಗುಳಿಗೆ. ಬಲಗೈ ಹೆಬ್ಬೆರಳಿನ ಬುಡ ರಾತ್ರಿ ಸಿಡಿಯುತ್ತದಂತೆ. ಇದಕ್ಕೇನು ಮಾಡಬೇಕೆಂದು ಚೇತರಿಕೆಯವರು ಮತ್ತು ಅಂಗಡಿಯವರು ದಯವಿಟ್ಟು ಹೇಳಬೇಕು.

ಗುಳಿಗೆ ಅಂಗಡಿ, ತುಮಕೂರು

ಅವರಿಗೂ ರಕ್ತದೊತ್ತಡ, ಹೊಟ್ಟೆಹುಣ್ಣು ಇದೆಯೇ ಎಂದು ಮೊದಲು ತಿಳಿಯಬೇಕು, ವೈದ್ಯರನ್ನು ಕಾಣಲಿ. ಕೈಬೆರಳಿನ ಕೀಲಿನಂಥ ಚರ್ಮಕ್ಕೆ ಹತ್ತಿರವಿರುವ ಜಾಗಗಳಿಗೆ ಡೈಕ್ಲೋಫೆನಾಕ್ ಮುಲಾಮು ಗುಳಿಗೆಗಿಂತ ಒಳ್ಳೆಯ ಮೊದಲ ಹೆಜ್ಜೆ, ಏಕೆಂದರೆ ಅದರಿಂದ ರಕ್ತಕ್ಕೆ ಸೇರುವುದು ಗುಳಿಗೆಯಿಂದ ಸೇರುವುದರ ಸಣ್ಣದೊಂದು ಪಾಲು. ಅಮೆರಿಕದ ವೈದ್ಯರ ಸಂಘಟನೆಗಳು 2020ರಲ್ಲಿ ಹೊರಡಿಸಿದ ಮಾರ್ಗಸೂಚಿಯೂ, ಸೊಂಟದ ಹೊರತಾಗಿ ಬೇರೆಡೆಯ ಹೊಸ ಉಳುಕು ನೋವುಗಳಿಗೆ ಮುಲಾಮನ್ನೇ ಮೊದಲಿಗೆ ಇಟ್ಟಿದೆ. ಮುಲಾಮು ಹಚ್ಚುವಾಗ ಮೆಲ್ಲಗೆ ತಿಕ್ಕಬೇಕಾಗುತ್ತದೆ, ಹೀಗಾಗಿ ಅದು ಔಷಧವೋ ಮಾಲೀಶೋ ಎಂದು ಸಂಶಯಾತ್ಮರು ತೀರ್ಮಾನಿಸಲಿ. ತಮ್ಮ ಹೆಗಲಿಗೆ ಬಳಸುವ ಮುನ್ನ ಮಾತ್ರ ಮೂತ್ರಪಿಂಡದ ವೈದ್ಯರನ್ನು ಕೇಳಲೇಬೇಕು. ಹಚ್ಚಿದ ಜಾಗಕ್ಕೆ ಶಾಖ ಕೊಡಬಾರದು, ಬಟ್ಟೆ ಬಿಗಿಯಬಾರದು.

ಚೇತರಿಕೆ, ಹುಬ್ಬಳ್ಳಿ

ತಿಕ್ಕುವ ಕಸುಬಿನವರಿಗೆ ಮೊದಲು ಸೋಲುವುದು ಹೆಬ್ಬೆರಳೇ. ಅದಕ್ಕಾಗಿ ನಾವು ವಿದ್ಯಾರ್ಥಿಗಳಿಗೆ, ಹೆಬ್ಬೆರಳಿನಿಂದ ಒತ್ತಬೇಡಿ, ಮುಂಗೈಯ ಹೊರಮೈಯಿಂದ ಅಥವಾ ಮೊಣಕೈಯಿಂದ, ತೋಳಿನ ಬಲ ಬಳಸದೆ ಮೈಯ ಭಾರವನ್ನು ಬಾಗಿಸಿ ಒತ್ತಿ ಎಂದು ಕಲಿಸುತ್ತೇವೆ. ತಮ್ಮ ಶ್ರೀಮತಿಯವರಿಗೆ ಹೆಬ್ಬೆರಳನ್ನು ನೇರ ಹಿಡಿಯುವ ಪಟ್ಟಿ ಸಿಗುತ್ತದೆ. ಅದನ್ನು ಸುಲಿಯುವ ಹೊತ್ತಿನಲ್ಲಿ ಕಟ್ಟಿಕೊಳ್ಳಲಿ.

ತಮ್ಮ ಹೆಗಲಿಗೆ ಇನ್ನೊಬ್ಬರ ಕೈ ಬೇಕೆಂದೇನೂ ಇಲ್ಲ. ಎರಡು ಟೆನಿಸ್ ಚೆಂಡುಗಳನ್ನು ಕಾಲುಚೀಲದಲ್ಲಿ ಹಾಕಿ ಗಂಟು ಕಟ್ಟಿ, ಗೋಡೆಗೂ ಬೆನ್ನಿಗೂ ನಡುವೆ ಇಟ್ಟು, ಮೊಣಕಾಲು ಸ್ವಲ್ಪ ಮಡಿಸಿ ಮೇಲೆ ಕೆಳಗೆ ಸರಿಯಿರಿ. ಚೆಂಡು ಬೆನ್ನೆಲುಬಿನ ಮೇಲಲ್ಲ, ಅದರ ಎರಡು ಪಕ್ಕದಲ್ಲಿರಬೇಕು. ಬಿಗಿದ ಜಾಗ ಸಿಕ್ಕಿದಲ್ಲಿ ಅರ್ಧ ನಿಮಿಷ ನಿಂತು ಉಸಿರು ಬಿಡಿ. ಮಸ್ಕತ್ತಿನ ಗೆಳೆಯರಿಗೂ ಇದೇ ಮಾತು: ಬೆನ್ನಿಗೆ ಎರಡು ಚೆಂಡು ಸಾಕು, ತೊಡೆಗೂ ಮೀನಖಂಡಕ್ಕೂ ಅಡುಗೆಮನೆಯ ಲಟ್ಟಣಿಗೆ ನಡೆಯುತ್ತದೆ.

ಸಂಶಯಾತ್ಮ, ಬೆಂಗಳೂರು

ಚೆಂಡಿನ ಬಗ್ಗೆಯೂ ಪುರಾವೆ ಕೇಳುವವನಿದ್ದೆ. ಆದರೆ ಎರಡು ಚೆಂಡಿನ ಬೆಲೆಗೆ ಮತ್ತು ಅದರಿಂದಾಗಬಹುದಾದ ಹಾನಿಗೆ ಹೋಲಿಸಿದರೆ, ಪುರಾವೆಯನ್ನು ತಾವೇ ತಯಾರಿಸಿಕೊಳ್ಳಬಹುದು ಎನಿಸಿತು. ತೋಟದಮನೆಯವರು ಪ್ರತಿ ಸಂಜೆ ನೋವಿಗೆ ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಟ್ಟು ಕ್ಯಾಲೆಂಡರಿನಲ್ಲಿ ಬರೆದಿಡಲಿ. ತಿಕ್ಕಿದ ದಿನ, ತಿಕ್ಕದ ದಿನ ಎರಡನ್ನೂ ಗುರುತಿಸಲಿ.

ತೋಟದಮನೆ, ಸಾಗರ

ಜನವರಿ ಮುಗಿಯುತ್ತಿದೆ, ಕೊನೆಯ ಕೊಯ್ಲು ಮಾತ್ರ ಬಾಕಿ. ಸಂಶಯಾತ್ಮರು ಹೇಳಿದಂತೆ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿದ್ದೇನೆ. ನವೆಂಬರಿನಲ್ಲಿ ಅಂಕ ಆರು ಏಳರ ನಡುವೆ ಇತ್ತು. ಡಿಸೆಂಬರಿನಿಂದ ನಾಲ್ಕಕ್ಕೆ ಇಳಿದಿದೆ. ಎಣ್ಣೆ ತಿಕ್ಕಿದ ಮರುದಿನ ಮೂರು. ಆದರೆ ಅಂಕ ಎಲ್ಲಕ್ಕಿಂತ ಕಡಿಮೆ ಇದ್ದದ್ದು ಪಕ್ಕದ ಮನೆಯ ಹುಡುಗ ದೋಟಿ ಹಿಡಿಯಲು ಬಂದ ವಾರದಲ್ಲಿ, ಆ ವಾರ ನಾನು ಎಣ್ಣೆಯನ್ನೂ ಮುಟ್ಟಿರಲಿಲ್ಲ. ಒಂದು ರಾತ್ರಿ ಮಾತ್ರ ತಡೆಯಲಾರದೆ ವೈದ್ಯರು ಒಪ್ಪಿದ್ದ ಪ್ಯಾರಾಸಿಟಮಾಲ್ ಒಂದನ್ನು ತೆಗೆದುಕೊಂಡೆ. ಕ್ರಿಯಾಟಿನಿನ್ 1.3ಕ್ಕೆ ಬಂದಿದೆ, ರಕ್ತದೊತ್ತಡದ ಮಾತ್ರೆಯನ್ನು ಬದಲಿಸಿದ್ದಾರೆ.

ಸುಲಿಯುವುದಕ್ಕೆ ಈ ಸಲ ಬಾಡಿಗೆಯ ಯಂತ್ರ ತರಿಸಿದೆ. ಹಸಿ ಅಡಿಕೆಯಲ್ಲಿ ಸ್ವಲ್ಪ ಪೆಟ್ಟು ಬೀಳುತ್ತದೆ ಎಂದು ಅಪ್ಪಯ್ಯ ಗೊಣಗಿದರು, ಬೀಳಲಿ ಎಂದೆ. ಹೆಂಡತಿಯ ಹೆಬ್ಬೆರಳಿಗೆ ಪಟ್ಟಿ ಬಂದಿದೆ, ಮುಲಾಮು ಹಚ್ಚುವ ಕೆಲಸ ನನ್ನದು. ನನ್ನ ಕೈ ಒರಟು, ಭಾರ ಹೆಚ್ಚು ಹಾಕುತ್ತೇನೆ ಎಂದು ಅವಳ ದೂರು. ಉಸಿರು ಬಿಗಿಹಿಡಿದರೆ ಕೈ ಸಡಿಲಿಸಬೇಕೆಂದು ಮೈಸೂರಿನವರು ಬರೆದಿದ್ದನ್ನು ಅವಳಿಗೆ ಹೇಳಿದ್ದೇನೆ. ಈಗ ಮುಟ್ಟುವ ಮೊದಲೇ ಬಿಗಿಹಿಡಿಯುತ್ತಾಳೆ.